ಜೋಕಿಮರ ಸೊನ್ನೆ ಬಿಲ್ಲು

ಶಂಕರಪುರದ ಜೋಕಿಮ್ ಮಥಾಯಸ್ ಯಾವ ಕೋಣೆಯಿಂದ ಹೊರಬಂದರೂ ಅವರ ಕೈ ತಾನಾಗಿ ಸ್ವಿಚ್ಚಿನ ಕಡೆಗೆ ಹೋಗುತ್ತದೆ. ಒಳಗೆ ಬೇರೆ ಯಾರಾದರೂ ಕುಳಿತಿದ್ದರೂ ಹೋಗುತ್ತದೆ. ಮಸ್ಕತ್ತಿನ ಹೋಟೆಲೊಂದರ ಸ್ಟೋರಿನಲ್ಲಿ ದುಡಿದಷ್ಟು ಕಾಲವೂ ಅವರು ಮಾಲೀಕನ ಕರೆಂಟು ಉಳಿಸಿದ್ದರು. ಊರಿಗೆ ಬಂದ ಮೇಲೆ ಸ್ವಂತದ್ದನ್ನು ಉಳಿಸತೊಡಗಿದರು.

ಆದ್ದರಿಂದ ಸರ್ಕಾರ ಉಚಿತ ವಿದ್ಯುತ್ ಘೋಷಿಸಿದಾಗ ಹೆಚ್ಚು ಪೆಟ್ಟು ಬಿದ್ದದ್ದು ಅವರಿಗೇ. ಹಿಂದಿನ ವರ್ಷ ಉರಿಸಿದ್ದರ ಸರಾಸರಿಗೆ ಸ್ವಲ್ಪ ಸೇರಿಸಿ, ಅಷ್ಟು ಮಾತ್ರ ಉಚಿತವೆಂದು ಲೆಕ್ಕ. ಪಕ್ಕದ ಮನೆಯ ರತ್ನಾವತಿ ಹಗಲು ಹೊತ್ತಿನಲ್ಲೂ ಲೈಟು ಆರಿಸುವವರಲ್ಲ. ಅವರಿಗೆ ಧಾರಾಳ ಯೂನಿಟ್ ಸಿಕ್ಕಿತು. ಜೋಕಿಮರಿಗೆ ಸಿಕ್ಕಿದ್ದು ಅವರ ಮಿತವ್ಯಯಕ್ಕೆ ತಕ್ಕ ಒಂದು ಚಿಟಿಕೆ.

"ಆ ವರ್ಷ ಫ್ಯಾನ್ ಹಾಕಿ ಮಲಗಬೇಕಿತ್ತು," ಎಂದು ಅವರು ಹೆಂಡತಿ ಝೀಟಾ ಬಳಿ ಹೇಳಿದರು.

"ನಾನು ಹೇಳಿದ್ದುಂಟು. ನೀವು ಕಿಟಕಿ ತೆರೆದಿರಿ. ಸಬ್ಸಿಡಿ ಸೊಳ್ಳೆಗೆ ಹೋಯಿತು."

ಕಳೆದುಕೊಂಡದ್ದನ್ನು ಬೇರೆ ದಾರಿಯಲ್ಲಿ ವಸೂಲು ಮಾಡುವುದೆಂದು ಜೋಕಿಮ್ ಹಠ ಹಿಡಿದರು. ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆ, ಬಚ್ಚಲಿಗೆ ಸೋಲಾರ್ ಹೀಟರ್, ತಾರಸಿಗೆ ಸೋಲಾರ್ ಪ್ಯಾನೆಲ್. ಹೀಟರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗಿಷ್ಟು ಎಂದು ಕಡಿತ, ಪ್ಯಾನೆಲ್ಲಿಗೆ ಕೇಂದ್ರದ ಸಬ್ಸಿಡಿ, ಉಳಿದದ್ದಕ್ಕೆ ಕಡಿಮೆ ಬಡ್ಡಿಯ ಸಾಲ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿದರೆ ಸರ್ಕಾರವೇ ತನಗೆ ತಿಂಗಳು ತಿಂಗಳು ಹಣ ಕೊಡಬೇಕಾಗಬಹುದು ಎಂಬ ಅಂದಾಜು ಅವರದು.

ಕಾಪುವಿನ ವಿದ್ಯುತ್ ಕಚೇರಿಯ ಗುಮಾಸ್ತ ಸಮಾಧಾನದಿಂದಲೇ ಕೇಳಿಸಿಕೊಂಡ.

"ಹೀಟರಿನ ರಿಯಾಯಿತಿಯನ್ನು ನಾವು ಬಿಲ್ಲಿನಲ್ಲಿ ಕಳೆಯುವುದು. ನಿಮ್ಮ ಬಿಲ್ಲೇ ಸೊನ್ನೆಯಾದರೆ ಎಂತದರಿಂದ ಕಳೆಯುವುದು?"

"ಹಾಗಾದರೆ ನನ್ನ ರಿಯಾಯಿತಿ?"

"ಅದು ಬೇಕಾದರೆ ನಿಮಗೆ ಬಿಲ್ಲು ಬರಬೇಕು ಮಾರಾಯ್ರೇ."

ಹೀಟರನ್ನು ಕೈಬಿಟ್ಟು ಜೋಕಿಮ್ ಪ್ಯಾನೆಲ್ಲನ್ನು ಹಿಡಿದರು. ಮಣಿಪಾಲದ ಸೋಲಾರ್ ಕಂಪನಿಯಿಂದ ಪ್ರತೀಕ್ ಎಂಬ ತರುಣ ತಾರಸಿ ನೋಡಲು ಬಂದ. ತಾರಸಿಯ ತುಂಬ ಝೀಟಾಳ ಮಲ್ಲಿಗೆ ಕುಂಡಗಳಿದ್ದವು. ತೆಂಗಿನ ನೆರಳಿರುವ ಅಂಗಳದಲ್ಲಿ ಮಲ್ಲಿಗೆ ಮೊಗ್ಗು ಕಟ್ಟುವುದಿಲ್ಲ. ಮನೆಗೆ ಸ್ಲ್ಯಾಬ್ ಹಾಕಿದ ದಿನದಿಂದ ತಾರಸಿಯ ಬಿಸಿಲು ಅವಳದು. ಮಸ್ಕತ್ತಿನ ಸಂಬಳ ತಡೆದ ವರ್ಷ ಮಗಳು ಸೋನಿಯಾಳ ನರ್ಸಿಂಗ್ ಫೀಸು ಕಟ್ಟಿದ್ದು ಆ ಕುಂಡಗಳೇ.

"ಎರಡು ಕಿಲೋವಾಟ್ ಸಾಕಾದರೆ ಆಂಟಿಯ ಗಿಡಗಳಿಗೆ ಸ್ವಲ್ಪ ಜಾಗ ಉಳಿಯುತ್ತದೆ ಅಂಕಲ್," ಎಂದ ಪ್ರತೀಕ್. "ಪೂರ್ತಿ ಸಬ್ಸಿಡಿ ಸಿಗುವುದು ಮೂರಕ್ಕೆ."

ಜೋಕಿಮ್ ಹೆಂಡತಿಯ ಕಡೆ ನೋಡಲಿಲ್ಲ. "ಪೂರ್ತಿ ಸಿಗುವಾಗ ಅರ್ಧ ಯಾಕೆ? ಕುಂಡ ಅಂಗಳದಲ್ಲಿ ಇಟ್ಟರಾಯಿತು."

"ಅಂಗಳದಲ್ಲಿ ಎಲೆ ಚೆನ್ನಾಗಿ ಬರುತ್ತದೆ," ಎಂದಳು ಝೀಟಾ. "ಎಲೆಯನ್ನೇ ಕಟ್ಟಿ ಹೂವಿನ ಏಜೆಂಟನಿಗೆ ಕೊಡುವುದಾ?"

ಅದಕ್ಕಿಂತ ಹೆಚ್ಚು ಅವಳು ವಾದಿಸಲಿಲ್ಲ. ಒಪ್ಪಿಗೆ ಸಿಕ್ಕಿತೆಂದು ಜೋಕಿಮ್ ಬ್ಯಾಂಕಿಗೆ ಹೋದರು. ಸಹಿ ಹಾಕಿ ಮರಳುವಾಗ ತಾರಸಿ ಖಾಲಿಯಾಗಿತ್ತು, ಅಂಗಳವೂ ಖಾಲಿ. ಕುಂಡಗಳೆಲ್ಲ ರತ್ನಾವತಿಯ ತಾರಸಿಯಲ್ಲಿ ಸಾಲಾಗಿ ನಿಂತಿದ್ದವು.

"ಅವರು ಸೋಲಾರ್ ಹಾಕುವುದಿಲ್ಲವಾ?"

"ಅವರಿಗೆ ಯಾಕೆ? ಉಚಿತದ್ದೇ ಮುಗಿಯುವುದಿಲ್ಲವಂತೆ."

ಪ್ಯಾನೆಲ್ ಬಂತು, ಇಂಡಕ್ಷನ್ ಒಲೆಯೂ ಬಂತು, ಸಬ್ಸಿಡಿ ಖಾತೆಗೆ ಬಿತ್ತು, ಬಿಲ್ಲು ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಜೋಕಿಮರ ಅಂದಾಜಿನಲ್ಲಿ ಸೇರದೆ ಉಳಿದದ್ದು ಬೆಳಗಿನ ಹೊತ್ತು ಒಂದೇ. ಶಂಕರಪುರದಲ್ಲಿ ಮಲ್ಲಿಗೆಯನ್ನು ಮೊಗ್ಗಿರುವಾಗಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಏಜೆಂಟ್ ಬರುವ ಮೊದಲು ಚೆಂಡು ಮಾಡಿ ಇಡಬೇಕು. ಈಗ ಕೊಯ್ಯುವುದು, ಕಟ್ಟುವುದು, ಅದರ ನಡುವಿನ ಕಾಫಿ, ನೀರುದೋಸೆ ಎಲ್ಲವೂ ರತ್ನಾವತಿಯ ಮನೆಯಲ್ಲೇ ನಡೆಯುತ್ತಿದ್ದವು. ನಗುವೂ ಅಲ್ಲಿಂದಲೇ ಕೇಳುತ್ತಿತ್ತು. ಬಿಸಿಲು ಏರಿ ಪ್ಯಾನೆಲ್ಲುಗಳು ಭರ್ತಿ ದುಡಿಯುವ ಹೊತ್ತಿಗೆ ಜೋಕಿಮರ ಮನೆಯಲ್ಲಿ ಕರೆಂಟು ಬಳಸಲು ಜೋಕಿಮ್ ಒಬ್ಬರೇ.

ಒಂದು ದಿನ ಕಾಫಿಗೆಂದು ಅವರೇ ಇಂಡಕ್ಷನ್ ಮೇಲೆ ಅಲ್ಯೂಮಿನಿಯಂ ಪಾತ್ರೆ ಇಟ್ಟರು. ಅಲ್ಯೂಮಿನಿಯಂ ಅದಕ್ಕೆ ಆಗದು; ಒಲೆ ಕಿಂಯ್ ಎಂದು ಕೂಗಿ ಆರಿತು. ಇನ್ನೊಮ್ಮೆ ಇಟ್ಟರು, ಮತ್ತೆ ಕೂಗಿತು. ಅವರು ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದರು.

"ಬನ್ನಿ ಪೊರ್ಬುಗಳೇ," ಎಂದರು ರತ್ನಾವತಿ, ಊರಿನವರು ಕ್ರಿಶ್ಚಿಯನ್ ಗಂಡಸರನ್ನು ಗೌರವದಿಂದ ಕರೆಯುವ ಹಾಗೆ.

ಜೋಕಿಮ್ ಕಾಫಿಯ ಮಾತು ಎತ್ತಲಿಲ್ಲ. "ತಾರಸಿಗೆ ಎಷ್ಟು ಬಾಡಿಗೆ ಅಂತ ಕೇಳುವ ಎಂದು ಬಂದೆ," ಎಂದರು.

"ಎಂತ ಬಾಡಿಗೆ? ನಮ್ಮ ದೇವರಿಗೆ ದಿನಕ್ಕೊಂದು ತುಂಡು ಹೂವು. ಝೀಟಬಾಯಿ ಇದ್ದರೆ ನನಗೂ ಹೊತ್ತು ಹೋಗುತ್ತದೆ."

"ಗಿಡ ವಾಪಸು ತರುವುದಾದರೆ, ಪ್ಯಾನೆಲ್ ಒಂದೆರಡು ತೆಗೆಸಬಹುದೋ ಏನೋ..."

ಝೀಟಾ ಕಟ್ಟುತ್ತಿದ್ದ ಹೂವಿನಿಂದ ಕಣ್ಣೆತ್ತಲಿಲ್ಲ. "ತೆಗೆಸಿದರೆ ಸಬ್ಸಿಡಿ ವಾಪಸು ಕೇಳಿಯಾರು. ಇಲ್ಲಿ ಬಿಸಿಲು ಒಳ್ಳೆಯದುಂಟು."

ಬುಟ್ಟಿಯನ್ನು ಸ್ವಲ್ಪ ಸರಿಸಿ ಅವರಿಗೆ ಜಾಗ ಮಾಡಿದಳು. "ಬಂದದ್ದು ಬಂದಿರಿ, ಆ ಬಾಳೆನಾರು ಸೀಳಿ ಕೊಡಿ. ತೆಳ್ಳಗೆ ಸೀಳಿ."