ಮುಖ ನೋಡಿ ಟಿಕೆಟ್ ಮಾಡುತ್ತಿದ್ದವನು

ಹಿರಿಯೂರು ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವವನೊಬ್ಬನಿದ್ದ. ಅವನಷ್ಟು ಅಗ್ಗಕ್ಕೆ ಟಿಕೆಟ್ ಚಿತ್ರದುರ್ಗದಲ್ಲೂ ಯಾರೂ ಹುಡುಕಿಕೊಡುತ್ತಿರಲಿಲ್ಲ. ಆದರೆ ಪ್ರಯಾಣ ಮಾಡುವವರೆಲ್ಲ ಅವನೆದುರು ನಿಲ್ಲಬೇಕಿತ್ತು. "ಮುಖ ತೋರಿಸ್ರಿ" ಎನ್ನುತ್ತಿದ್ದ. ತನ್ನ ಕನ್ನಡಕ ತೆಗೆದು ಒಬ್ಬೊಬ್ಬರನ್ನೇ ನೋಡಿದ ಮೇಲೆಯೇ ಕಂಪ್ಯೂಟರಿನಲ್ಲಿ ಹೆಸರು ಒತ್ತುತ್ತಿದ್ದ.

ಮುಂಬೈಯಲ್ಲಿ ಹಡಗು ಹತ್ತಿ ಗೋವಾ ನೋಡಿಬರಲು ನಾನು, ಹೆಂಡತಿ, ಮಗಳು, ಅಳಿಯ ಹೊರಟಿದ್ದೆವು. ಹಡಗು ಬಿಡುವ ಹಿಂದಿನ ದಿನಕ್ಕೆ ಅವನು ಮುಂಬೈಗೆ ಅಗ್ಗದ ವಿಮಾನ ಹುಡುಕಿದ. ನನ್ನ ಹೆಂಡತಿಯ ಸರದಿ ಬಂದಾಗ ಅವನ ಬೆರಳು ನಿಂತಿತು. ಅವಳ ಹೆಗಲ ಹಿಂದೆ ಯಾರೋ ನಿಂತಿರುವಂತೆ ಅತ್ತಲೇ ನೋಡಿದ.

"ಏನಪ್ಪ, ಹೆಣ್ಣು ನೋಡಾಕ್ ಬಂದೀಯೇನು?" ಎಂದು ಅವಳು ನಕ್ಕಳು.

ಅವನು ನಗಲಿಲ್ಲ. "ಅಮ್ಮಾರಿಗೆ ಮಾತ್ರ, ಹೋಗದಿದ್ರೆ ದುಡ್ಡು ವಾಪಸ್ ಬರೋ ಟಿಕೆಟ್ ತಗಳ್ರಿ" ಎಂದ.

"ಬ್ಯಾಡ. ಎಲ್ರಿಗೂ ಅಗ್ಗದ್ದೇ ಮಾಡು" ಎಂದೆ.

ಹೊರಡಲು ನಾಲ್ಕು ದಿನವಿದ್ದಾಗ ಅವಳು ಅಡುಗೆಮನೆಯಲ್ಲಿ ಎದೆ ಹಿಡಿದು ಕುಸಿದಳು, ಮತ್ತೆ ಏಳಲಿಲ್ಲ. ಅವನ ನಾಲಿಗೆಯೇ ಕೆಟ್ಟದ್ದೆಂದು ಊರಿಗೆಲ್ಲ ಹೇಳಿದೆ. ಜನ ಅವನಿಗೆ ಮುಖ ತೋರಿಸಲು ಹೆದರಿದರು. ಅಂಗಡಿ ಮುಚ್ಚಿತು.

ಆದರೆ ಒಂದು ಮಾತನ್ನು ಮುಚ್ಚಿಟ್ಟೆ. ಅಂದು ಅವಳು ಅಂಗಡಿಯಿಂದ ಹೊರಗೆ ಹೋದ ಮೇಲೆ ಅವನು ನನ್ನ ಕೈ ಹಿಡಿದು, "ಇವತ್ತೇ ಡಾಕ್ಟ್ರಿಗೆ ತೋರಿಸ್ರಿ, ಯಜಮಾನ್ರೇ" ಎಂದಿದ್ದ. ಟಿಕೆಟ್ ದಂಡವಾದೀತೆಂದು ನಾನು ಅದನ್ನು ಅವಳಿಗೂ ಹೇಳಲಿಲ್ಲ.