ನನ್ನ ಶುಗರಿನ ಯಜಮಾನರು

ನನಗೆ ಎಪ್ಪತ್ತೈದು ದಾಟಿದರೂ ನನ್ನ ಶುಗರ್ ಹರೆಯದವರಷ್ಟೇ ಇರಬೇಕೆಂದು ನಮ್ಮ ಯಜಮಾನರು ಹಟ ಹಿಡಿದಿದ್ದರು. ಅವರು ನಿವೃತ್ತ ಮಾಸ್ತರು. ಗುಳಿಗೆ ನುಂಗಿಸಿ, ಊಟ ಕಡಿಮೆ ಮಾಡಿಸಿ, ಬಾದಾಮಿಯ ನಮ್ಮ ಮನೆಗೆ ಬಂದ ಗೆಳೆಯರೆದುರು ನನ್ನ ಶುಗರನ್ನು ತಮ್ಮ ಶಾಲೆಯ ಫಲಿತಾಂಶದಂತೆ ಹೇಳಿಕೊಳ್ಳುತ್ತಿದ್ದರು. ಕೈ ನಡುಗುತ್ತದೆ, ಬೆವರು ಬರುತ್ತದೆ ಎಂದರೆ, "ಉಣ್ಣಾಕ ನೆವ ಹುಡುಕಬ್ಯಾಡ" ಎನ್ನುತ್ತಿದ್ದರು.

ಒಂದು ಮುಂಜಾನೆ ಶುಗರ್ ತೀರಾ ಇಳಿದು ಬಚ್ಚಲಲ್ಲಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಬಾಗಲಕೋಟೆಯ ಡಾಕ್ಟರು ಗುಳಿಗೆ ಕಡಿಮೆ ಮಾಡಿ, "ಈ ವಯಸ್ಸಿನಾಗ ಶುಗರ್ ಸ್ವಲ್ಪ ಹೆಚ್ಚಿದ್ರೂ ನಡೀತೈತ್ರಿ. ಹಿಂಗ ಇಳಿದ್ರ ಜೀವಕ್ಕ ಅಪಾಯ" ಎಂದರು.

"ಇವರಿಗೆ ಇನ್ನೊಮ್ಮಿ ಜೋರಾಗಿ ಹೇಳ್ರಿ" ಎಂದೆ. ಹೇಳಿದರು. ಅಷ್ಟಕ್ಕೆ ನನ್ನ ಸಿಟ್ಟು ತಣಿಯಲಿಲ್ಲ.

ಅದೇ ಗೆಳೆಯರು ನನ್ನನ್ನು ನೋಡಲು ಬಂದಾಗ, "ಡಾಕ್ಟರು ಏನಂದ್ರು, ನೀವ ಹೇಳ್ರಿ" ಎಂದು ಯಜಮಾನರನ್ನು ಕೇಳಿದೆ. ತಲೆ ತಗ್ಗಿಸಿ ಹೇಳಿದರು.

"ಹಂಗಾರ ವೈನಿಯವರನ್ನ ನೀವ ಬೀಳಿಸಿದಂಗಾತಲ್ಲ, ಮಾಸ್ತರ?" ಎಂದರು ಒಬ್ಬರು. ನನಗೆ ಹಿತವೆನಿಸಿತು.

ಪ್ಲಾಸ್ಟರ್ ಬಿಚ್ಚುವವರೆಗೂ ಅವರೇ ತುತ್ತು ಮಾಡಿ ನನಗೆ ಉಣಿಸಿದರು. ಎಡಗೈಯಲ್ಲಿ ಚಮಚ ಹಿಡಿಯಬಹುದಿತ್ತು. ನಾನು ಹಿಡಿಯಲಿಲ್ಲ.