ಓನರಮ್ಮನ ಸಾಸಿವೆ ಸೈಟು

ನಮ್ಮ ಓನರಮ್ಮನ ಕೊರಳಲ್ಲಿ ಎರಡು ಸರಗಳಿದ್ದವು. ಒಂದು ಚಿನ್ನದ್ದು, ಇನ್ನೊಂದು ದರ್ಜಿಯ ಅಳತೆ ಟೇಪು. ಮೊದಲನೆಯದು ಹಬ್ಬಕ್ಕೆ ಹೊಳೆಯುತ್ತಿತ್ತು. ಎರಡನೆಯದು ಬೆಳಗಾದರೆ ಸಾಸಿವೆ ಗಿಡಗಳ ಮೈಮೇಲೆ ಹರಿದಾಡುತ್ತಿತ್ತು.

ಮಾರೇನಹಳ್ಳಿಯಲ್ಲಿ ಅವರ ಮನೆತನದ ಹೊಲವೆಲ್ಲ ಬಡಾವಣೆಯಾಗಿ, ಉಳಿದದ್ದು ನಾವು ಬಾಡಿಗೆಗಿದ್ದ ಮನೆ ಮತ್ತು ಪಕ್ಕದ ಒಂದು ಖಾಲಿ ಸೈಟು. ಅಲ್ಲಿ ಕಾಂಕ್ರೀಟು ಸುರಿದು ಕಾರು ನಿಲ್ಲಿಸಬೇಕೆಂಬುದು ಅವರ ಮಗನ ಪಂಚವಾರ್ಷಿಕ ಯೋಜನೆ. ಅತ್ತೆ ಕೊಟ್ಟುಹೋದ ನಾಟಿ ಸಾಸಿವೆ ಅಲ್ಲೇ ಬೆಳೆಯಬೇಕೆಂಬುದು ಓನರಮ್ಮನ ಸಂಕಲ್ಪ.

"ನಿನ್ನ ಕುಳ್ಳ ಸಾಸಿವೆ ಪ್ಯಾಕೆಟ್ ಬೀಜದ ಮುಂದೆ ನಿಲ್ಲುತ್ತೇನಮ್ಮ?" ಎಂದ ಮಗ.

"ನಿಲ್ಸೋಣ ಕಣೋ. ನಂದು ಸೋತ್ರೆ ಸೈಟು ನಿನ್ ಕಾರಿಗೆ."

ಹೀಗೆ ಮಹಾಯುದ್ಧ ಘೋಷಣೆಯಾಯಿತು. ಮೂರು ಮಡಿ, ಮೂರು ತಳಿ: ತಾಯಿಯ ನಾಟಿ, ಮಗನ ಪ್ಯಾಕೆಟ್ಟು, ಮತ್ತು ತಟಸ್ಥ ರಾಷ್ಟ್ರದ ಪರವಾಗಿ ನಮ್ಮ ಒಗ್ಗರಣೆ ಡಬ್ಬಿಯ ಸಾಸಿವೆ. ಮೂರಕ್ಕೂ ಒಂದೇ ಕೊಟ್ಟಿಗೆ ಗೊಬ್ಬರ, ಒಂದೇ ಬೇವಿನ ಕಷಾಯ; ಅಂಗಡಿಯ ಮೂಟೆ ಗೊಬ್ಬರಕ್ಕೆ ಗೇಟಿನೊಳಗೆ ಪ್ರವೇಶವಿಲ್ಲ. ಯಾವ ಮಡಿ ಯಾರಿಗೆಂದು ಚೀಟಿ ಎತ್ತಿದೆವು. ಸೋಲು ಗೆಲುವು ಕೊನೆಗೆ ಕಾಳಿನ ತೂಕದಲ್ಲಿ; ಅಲ್ಲಿಯವರೆಗೆ ಎತ್ತರ ಬರೆದಿಡುವ ಗುಮಾಸ್ತಿಕೆ ನನ್ನ ಪಾಲಿಗೆ ಬಂತು.

ಹೂ ಬಿಡುವ ಹೊತ್ತಿಗೆ ಪ್ಯಾಕೆಟ್ಟು ಮಗನ ಭುಜ ಮುಟ್ಟಿತು. ನಾಟಿ ಸೊಂಟದಲ್ಲೇ ನಿಂತಿತು.

"ಅಮ್ಮಾ, ಪಾರ್ಕಿಂಗಿಗೆ ಟೈಲ್ಸ್ ಯಾವ ಬಣ್ಣ ಹಾಕ್ಸಲಿ?"

"ಕಾಯಿ ಬಲೀಲಿ ಇರೋ, ಬಣ್ಣ ಆಮೇಲೆ ಹೇಳ್ತೀನಿ."

ಕೊಯ್ಲಿನ ದಿನ, ಕಾಯಿ ಸಿಡಿಯದಿರಲೆಂದು ಇಬ್ಬನಿ ಆರುವ ಮುಂಚೆಯೇ ಓನರಮ್ಮ ಕುಡುಗೋಲು ಹಿಡಿದರು. ನಾಟಿ ಮಡಿಯ ಅಂಚಿನ ಸಾಲು ಕಾಯಿಯ ಭಾರಕ್ಕೆ ಬಾಗಿತ್ತು. ನನ್ನ ಕಿವಿಯಲ್ಲಾಗಲೇ ಜಯಭೇರಿ. ಆದರೆ ಅವರು ಮೂರೂ ಮಡಿಗಳ ಅಂಚಿನ ಸಾಲುಗಳನ್ನು ಕೊಯ್ದು, ಬೇರೆಯಾಗಿ ಗೋಡೆಗೆ ಒರಗಿಸಿಬಿಟ್ಟರು.

"ಅವನ್ನ ತೂಗಲ್ವಾ?" ಎಂದೆ ಗಾಬರಿಯಿಂದ. "ನಿಮ್ಮ ಬಂಗಾರವೆಲ್ಲ ಅಲ್ಲೇ ಇದೆ!"

"ಅಂಚಿನವು ಲೆಕ್ಕಕ್ಕಿಲ್ಲ ಸಾರ್. ಒಂದು ಕಡೆ ಪಕ್ಕದೋರೇ ಇಲ್ಲ, ಗಾಳಿ ಬಿಸಿಲು ಜಾಸ್ತಿ ಸಿಕ್ತದೆ. ಆ ಹೆಚ್ಚುಗಾರಿಕೆ ಜಾಗದ್ದು. ನಾಲ್ಕು ಕಡೆ ಒತ್ತಿಸ್ಕೊಂಡು ಬೆಳ್ದಿರ್ತಾವಲ್ಲ, ಅವನ್ನ ತೂಗೋಣ."

ಒಣಗಿಸಿ, ಬಡಿದು, ಕೇರಿ, ದಿನಸಿ ಅಂಗಡಿಗೆ ಹೋದೆವು. ಅಂಗಡಿಯವರು ಸಂದರ್ಭದ ಘನತೆಗೆ ತಕ್ಕಂತೆ ಅಟ್ಟದಿಂದ ಹಳೆಯ ತಕ್ಕಡಿ ಇಳಿಸಿದರು. ಒಗ್ಗರಣೆ ಡಬ್ಬಿ ಮರ್ಯಾದೆಯಿಂದ ಮೂರನೆಯದಾಯಿತು. ಉಳಿದೆರಡನ್ನು ಎದುರುಬದುರು ಸುರಿದಾಗ ಮುಳ್ಳು ಅತ್ತಿತ್ತ ತೂಗಾಡಿತು. ಓನರಮ್ಮನ ಬೆರಳು ಟೇಪನ್ನು ಬಿಗಿಯಾಗಿ ಹಿಡಿದಿತ್ತು. ನಾಟಿಯ ತಟ್ಟೆ ನಿಧಾನವಾಗಿ ಕೆಳಗಿಳಿಯಿತು. ಉದ್ದನೆಯ ಪ್ಯಾಕೆಟ್ಟಿನ ತುದಿಯ ಕಾಯಿಗಳೆಲ್ಲ ಜೊಳ್ಳಾಗಿದ್ದವು. ಸಮ ಮಾಡಲು ಆ ಕಡೆ ಒಂದು ಬೆಲ್ಲದಚ್ಚು ಇಡಬೇಕಾಯಿತು.

"ಬಣ್ಣ ಕೇಳಿದ್ಯಲ್ಲ," ಎಂದರು ಓನರಮ್ಮ, "ಹಳದಿ ಕಣೋ. ಮುಂದಿನ ಸಲ ಸೈಟ್ ಪೂರ್ತಿ!"

ಹೋದ ವರ್ಷ ಅವರು ತೀರಿಕೊಂಡರು. ರಾಜರಾಜೇಶ್ವರಿನಗರಕ್ಕೆ ಬಂದು ನೆಲೆಸಿರುವ ನನಗೆ ಈ ಸಲವೂ ಕೊಯ್ಲಿಗೆ ಕರೆ ಬಂತು. ಹೋಗಿ ನೋಡಿದರೆ ಕಾರು ಇನ್ನೂ ಬೀದಿಯಲ್ಲೇ ನಿಂತಿದೆ. ಸೈಟಿನಲ್ಲಿ ನಾಟಿಯ ಎದುರಿಗೆ ಯಾವುದೋ ಹೊಸ ತಳಿ. ಮಗನ ಕೊರಳಲ್ಲಿ ಟೇಪು. ನನಗೊಂದು ಕುಡುಗೋಲು ಕೊಟ್ಟು, ಅವನು ಮೊದಲು ಅಂಚಿನ ಸಾಲು ಕೊಯ್ದು ಗೋಡೆಗೆ ಒರಗಿಸಿದ.